ನಕ್ಷತ್ರಮೀನು ಜಿರಳೆಗಿಂತ ನಮಗೆ ಹತ್ತಿರದ ಬಂಧು ಹೇಗಾಗುತ್ತದೆ?

ಲೋಕಾಪುರ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಲೋಕಾಪುರದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಪ್ರಾಣಿ ಸಾಮ್ರಾಜ್ಯದ ಪಾಠ ಮುಗಿದಿದೆ, ಮುಂದಿನ ವಾರ ಪ್ರಾಯೋಗಿಕ ಪರೀಕ್ಷೆ. ಮೇಜಿನ ಮೇಲೆ ಗಾಜಿನ ಜಾಡಿಗಳನ್ನು ಇಟ್ಟಿರುತ್ತಾರೆ. ಒಳಗಿನ ಪ್ರಾಣಿಯನ್ನು ಗುರುತಿಸಿ, ಅದರ ವಂಶ (ಫೈಲಂ, ಅಂದರೆ ಪ್ರಾಣಿಗಳ ದೊಡ್ಡ ವಿಭಾಗ) ಬರೆದು, ಲಕ್ಷಣಗಳನ್ನು ಕೊಡಬೇಕು.

ವಂಶಗಳ ಕೋಷ್ಟಕ ನನಗೆ ಬಾಯಿಪಾಠವಾಗಿದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಕಂಟಕಚರ್ಮಿಗಳನ್ನು, ಅಂದರೆ ನಕ್ಷತ್ರಮೀನಿನ ವಂಶವನ್ನು, ನಮ್ಮ ಕಾರ್ಡೇಟಾ ವಂಶದ ಪಕ್ಕಕ್ಕೇ ಇಟ್ಟಿದ್ದಾರೆ. ನಕ್ಷತ್ರಮೀನಿಗೆ ತಲೆಯಿಲ್ಲ, ಮಿದುಳಿಲ್ಲ, ಎಡಬಲವಿಲ್ಲ. ಜಿರಳೆಗೆ ತಲೆ, ಕಣ್ಣು, ಕಾಲು, ಎಡಬಲ ಎಲ್ಲವೂ ಇವೆ. ಹಾಗಿದ್ದೂ ಜಿರಳೆ ದೂರ, ನಕ್ಷತ್ರಮೀನು ಹತ್ತಿರ ಎಂದರೆ ಹೇಗೆ ನಂಬುವುದು?

ಇನ್ನೊಂದು ಗೊಂದಲವೂ ಇದೆ. ಅಸಿಡಿಯಾ ಎಂಬ ಕಡಲಪ್ರಾಣಿ ನೋಡಲು ಒಂದು ಚೀಲ, ಕದಲುವುದೂ ಇಲ್ಲ. ಅದು ಕಾರ್ಡೇಟ್ ಅಂತೆ. ಬಲನೋಗ್ಲಾಸಸ್ ಹುಳಕ್ಕೆ ಕಿವಿರು ಸೀಳುಗಳಿವೆ, ನೋಟೋಕಾರ್ಡಿನಂತಹ, ಅಂದರೆ ಕಾರ್ಡೇಟ್‌ಗಳ ಬೆನ್ನಿನುದ್ದಕ್ಕೂ ಇರುವ ಆಧಾರದ ಕಡ್ಡಿಯಂತಹ, ಒಂದು ಭಾಗವೂ ಇದೆ. ಆದರೂ ಅದು ಕಾರ್ಡೇಟ್ ಅಲ್ಲವಂತೆ. ಉಪನ್ಯಾಸಕರನ್ನು ಕೇಳಿದೆ, ಸಮಯವಿಲ್ಲ, ಇದ್ದದ್ದನ್ನು ಇದ್ದಂತೆ ಬರೆ ಎಂದರು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಗುಮ್ಮಟನಗರಿ_ನೀಟ್

ನಾನು ವಿಜಯಪುರದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದೇನೆ. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು. ನೋಟೋಕಾರ್ಡ್, ಬೆನ್ನಿನ ಕಡೆ ಪೊಳ್ಳಾದ ನರಹುರಿ, ಗಂಟಲಿನಲ್ಲಿ ಕಿವಿರು ಸೀಳು, ಗುದದ್ವಾರದ ಹಿಂದೆ ಚಾಚಿದ ಬಾಲ. ಈ ನಾಲ್ಕು ಇದ್ದರೆ ಕಾರ್ಡೇಟ್. ನೋಟೋಕಾರ್ಡ್ ಮುಂದೆ ಬೆನ್ನುಮೂಳೆಯಾಗಿ ಬದಲಾದರೆ ಅದು ಕಶೇರುಕ. ಕಂಟಕಚರ್ಮಿ ಎಂದರೆ ಸುಣ್ಣದ ಅಸ್ಥಿಫಲಕಗಳು ಮತ್ತು ಜಲನಾಳ ವ್ಯೂಹ. ಹೆಮಿಕಾರ್ಡೇಟಾ ಎಂದರೆ ಮೂತಿ, ಕೊರಳಪಟ್ಟಿ, ಮುಂಡ. ಯಾರು ಯಾರಿಗೆ ಬಂಧು ಎಂಬುದನ್ನು ಪದವಿಯಲ್ಲಿ ನೋಡಿಕೊಳ್ಳಬಹುದು, ಈಗ ಅಂಕಗಳ ಕಡೆ ಗಮನ ಕೊಡಿ.

ನವನಗರ_ಪ್ರಾಣಿಶಾಸ್ತ್ರ

ತಂಗಿ, ನಾನು ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ನಿನ್ನ ಪ್ರಶ್ನೆ ಓದಿ ನಿಜವಾಗಿ ಸಂತೋಷವಾಯಿತು. ಕೋಷ್ಟಕ ಬಾಯಿಪಾಠವಾದ ಮೇಲೂ ಮನಸ್ಸು ಒಪ್ಪುತ್ತಿಲ್ಲ ಎನ್ನುವ ವಿದ್ಯಾರ್ಥಿಗೆ ಕಲಿಸುವುದಕ್ಕಿಂತ ದೊಡ್ಡ ಸುಖ ನಮ್ಮ ವೃತ್ತಿಯಲ್ಲಿ ಇಲ್ಲ. ಇದನ್ನು ಪದವಿಗೆ ಮುಂದೂಡಬೇಡ. ಬಂಧುತ್ವ ತಿಳಿದರೆ ಲಕ್ಷಣಗಳು ತಾವಾಗಿ ನೆನಪಿನಲ್ಲಿ ನಿಲ್ಲುತ್ತವೆ.

ನಿನಗೆ ನಂಬಿಕೆ ಬಾರದಿರುವುದಕ್ಕೆ ನಮ್ಮ ಊರುಗಳು ಇರುವ ಜಾಗವೂ ಒಂದು ಕಾರಣ. ಕಾರ್ಡೇಟಾ, ಹೆಮಿಕಾರ್ಡೇಟಾ, ಕಂಟಕಚರ್ಮಿ ಈ ಮೂರೂ ಸೇರಿ ಡ್ಯೂಟೆರೋಸ್ಟೋಮ್ ಎಂಬ ಒಂದು ದೊಡ್ಡ ಗುಂಪು. ಇದರಲ್ಲಿ ಕಂಟಕಚರ್ಮಿಗಳ ಸುಮಾರು 7,000 ಪ್ರಭೇದಗಳಿವೆ, ಎಲ್ಲವೂ ಕಡಲಿನವು. ಬಲನೋಗ್ಲಾಸಸ್ಸಿನ ವಂಶದಲ್ಲಿ ಸುಮಾರು 130, ಅವೂ ಕಡಲಿನವೇ. ಅಸಿಡಿಯಾದ ಗುಂಪಿನ ಸುಮಾರು 3,000, ಮೀನಿನಂತೆ ಕಾಣುವ ಆಂಫಿಯಾಕ್ಸಸ್ ಎಂಬ ಪ್ರಾಣಿಯ ಗುಂಪಿನ ಸುಮಾರು 30, ಒಂದೂ ಸಿಹಿನೀರಿಗೆ ಬಂದಿಲ್ಲ. ಇಡೀ ಗುಂಪಿನಿಂದ ನದಿಗೂ ನೆಲಕ್ಕೂ ಬಂದು ನೆಲೆಸಿದವು ಕಶೇರುಕಗಳು ಮಾತ್ರ. ಘಟಪ್ರಭೆಯ ಮೀನು, ಹೊಲದ ಕಪ್ಪೆ, ಓತಿಕ್ಯಾತ, ಗುಬ್ಬಿ, ಎಮ್ಮೆ, ನಾವು. ನಮಗೂ ನಕ್ಷತ್ರಮೀನಿಗೂ ನಡುವೆ ನಿಲ್ಲುವ ನೆಂಟರೆಲ್ಲ ಕಡಲಿನಲ್ಲೇ ಉಳಿದುಬಿಟ್ಟಿದ್ದಾರೆ. ಜಿರಳೆಯನ್ನು ದಿನಾ ನೋಡುತ್ತೇವೆ, ಅವರನ್ನು ಜಾಡಿಯಲ್ಲಿ ಮಾತ್ರ ನೋಡುತ್ತೇವೆ, ಅದೂ ಫಾರ್ಮಲಿನ್‌ನಲ್ಲಿ ಬಣ್ಣ ಕಳೆದುಕೊಂಡ ಮೇಲೆ. ಇಂಥ ಕಡೆ ಕುಳಿತು ಓದುವ ಹುಡುಗಿಗೆ ಈ ಬಂಧುತ್ವ ಅಸಾಧ್ಯವೆನಿಸುವುದು ಸಹಜ.

ಈಗ ಮುಖ್ಯ ವಿಷಯ. ಪ್ರಾಣಿಗಳ ಬಂಧುತ್ವವನ್ನು ಬೆಳೆದ ದೇಹ ನೋಡಿ ಅಳೆಯಬಾರದು. ಬೆಳೆದ ದೇಹ ಬದುಕುವ ರೀತಿಗೆ ತಕ್ಕಂತೆ ಬಾಗಿರುತ್ತದೆ. ಭ್ರೂಣವನ್ನು ನೋಡು, ಲಾರ್ವಾವನ್ನು, ಅಂದರೆ ಇನ್ನೂ ಬೆಳೆದ ರೂಪ ತಾಳದ ಮರಿಯನ್ನು, ನೋಡು.

ಮೊಟ್ಟೆ ಫಲಿತವಾಗಿ ಒಡೆದು ಒಡೆದು ಒಂದು ಪೊಳ್ಳು ಗುಂಡಾಗುತ್ತದೆ. ಆಮೇಲೆ ಒಂದು ಕಡೆ ಅದು ಒಳಕ್ಕೆ ಕುಸಿದು ಒಂದು ತೆರಪು ಮೂಡುತ್ತದೆ. ಕಪ್ಪೆಚಿಪ್ಪು, ಎರೆಹುಳು, ಕೀಟಗಳಿರುವ ಇನ್ನೊಂದು ದೊಡ್ಡ ಗುಂಪಿನಲ್ಲಿ ಈ ಮೊದಲ ತೆರಪು ಸಾಮಾನ್ಯವಾಗಿ ಪ್ರಾಣಿಯ ಬಾಯಿಯ ಭಾಗಕ್ಕೆ ಸೇರುತ್ತದೆ. ನಕ್ಷತ್ರಮೀನಿನಲ್ಲಿ, ಬಲನೋಗ್ಲಾಸಸ್ಸಿನಲ್ಲಿ, ನಮ್ಮಲ್ಲಿ ಅದು ಗುದದ್ವಾರದ ಕಡೆಗೆ ಹೋಗುತ್ತದೆ, ಬಾಯಿ ಆಮೇಲೆ ಬೇರೆ ಕಡೆ ಹೊಸದಾಗಿ ತೆರೆಯುತ್ತದೆ. ಪ್ರಾಣಿಗಳನ್ನು ಈ ಆಧಾರದ ಮೇಲೆ ಎರಡು ಪಾಲು ಮಾಡಿ 1908ರಲ್ಲಿ ಹೆಸರಿಟ್ಟವರು ಆಸ್ಟ್ರಿಯಾದ ಕಾರ್ಲ್ ಗ್ರೊಬೆನ್. ಇದಕ್ಕೆ ಕೀಟಗಳಲ್ಲೂ ಬೇರೆ ಕೆಲವು ಗುಂಪುಗಳಲ್ಲೂ ಅಪವಾದಗಳು ಸಿಕ್ಕಿವೆ. ಆದರೆ ನಕ್ಷತ್ರಮೀನು, ಬಲನೋಗ್ಲಾಸಸ್, ಕಾರ್ಡೇಟ್ ಈ ಮೂರೂ ಒಂದೇ ಪಾಲಿನವು ಎಂಬುದನ್ನು ವಂಶವಾಹಿಗಳ ಹೋಲಿಕೆಯೂ ಹೆಚ್ಚಿನ ಮಟ್ಟಿಗೆ ಎತ್ತಿಹಿಡಿದಿದೆ.

ಮತ್ತೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. 1891ರಲ್ಲಿ ಜರ್ಮನಿಯ ಹಾನ್ಸ್ ಡ್ರೀಶ್ ಎಂಬ ವಿಜ್ಞಾನಿ, ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಎಂಬ ಕಂಟಕಚರ್ಮಿಯ ಭ್ರೂಣ ಎರಡು ಜೀವಕೋಶಗಳಾಗಿದ್ದಾಗ ಅವನ್ನು ಅಲುಗಿಸಿ ಬೇರ್ಪಡಿಸಿದರು. ಅರ್ಧ ಲಾರ್ವಾ ಬರಬಹುದೆಂಬುದು ಅವರ ನಿರೀಕ್ಷೆಯಾಗಿತ್ತು. ಬಂದದ್ದು ಎರಡು ಪೂರ್ತಿ ಲಾರ್ವಾಗಳು, ಗಾತ್ರ ಮಾತ್ರ ಚಿಕ್ಕದು. ಬಸವನಹುಳುವಿನಂತಹ ಪ್ರಾಣಿಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಯಾವ ಕೋಶ ಏನಾಗಬೇಕೆಂಬುದು ಬಹಳ ಬೇಗ ತೀರ್ಮಾನವಾಗಿರುತ್ತದೆ. ಈಗ ನಿನ್ನ ಊರಿನಲ್ಲಿ ನೋಡಲು ಒಂದೇ ತೆರನಾದ ಅವಳಿ ಮಕ್ಕಳಿದ್ದರೆ ನೆನಪಿಸಿಕೋ. ಒಂದೇ ಭ್ರೂಣ ಇಬ್ಭಾಗವಾಗಿ ಇಬ್ಬರು ಪೂರ್ತಿ ಮನುಷ್ಯರಾದದ್ದು ಅದೇ ಬಗೆಯ ಸಾಮರ್ಥ್ಯದಿಂದ. ಅಸಿಡಿಯಾ ಮಾತ್ರ ಇದಕ್ಕೆ ಅಪವಾದ. ಅದರ ಭ್ರೂಣದಲ್ಲಿ ಕೋಶಗಳ ಪಾಲು ಮೊದಲೇ ಹಂಚಿಹೋಗಿರುತ್ತದೆ.

ಎಡಬಲದ ಪ್ರಶ್ನೆಗೆ ಬರೋಣ. ನಕ್ಷತ್ರಮೀನಿಗೆ ಎಡಬಲವಿಲ್ಲ ಎಂದು ಬರೆದಿದ್ದೀಯೆ. ಅದರ ಲಾರ್ವಾಕ್ಕೆ ಇದೆ! ಬೈಪಿನ್ನೇರಿಯಾ ಎಂಬ ಆ ಲಾರ್ವಾ ನಮ್ಮ ಹಾಗೆ ಎಡ ಬಲ ಎರಡು ಸಮಭಾಗಗಳುಳ್ಳದ್ದು, ಸಣ್ಣ ರೋಮಪಟ್ಟಿಗಳನ್ನು ಬಡಿಯುತ್ತ ಕಡಲಿನಲ್ಲಿ ಈಜುತ್ತದೆ. ಅದರ ಎಡಬದಿಯಲ್ಲಿರುವ ಒಂದು ಪುಟ್ಟ ಚೀಲ ಐದು ಕವಲಾಗಿ ಉಂಗುರದಂತೆ ಬಾಗಿ ಜಲನಾಳ ವ್ಯೂಹವಾಗುತ್ತದೆ, ಅದರ ಸುತ್ತ ಐದು ತೋಳಿನ ದೇಹ ಕಟ್ಟಿಕೊಳ್ಳುತ್ತದೆ. ಲಾರ್ವಾದ ಮಿಕ್ಕ ದೇಹದ ಬಹುಭಾಗ ಕರಗಿಹೋಗುತ್ತದೆ. ಅಂದರೆ ಐದರ ಸಮಮಿತಿ ಆಮೇಲೆ ಗಳಿಸಿದ್ದು. ತಲೆ ಎಲ್ಲಿ ಹೋಯಿತು ಎಂಬುದಕ್ಕೂ 2023ರಲ್ಲಿ ನಕ್ಷತ್ರಮೀನಿನ ವಂಶವಾಹಿಗಳ ಚಟುವಟಿಕೆಯ ನಕ್ಷೆ ಮಾಡಿದವರಿಂದ ಉತ್ತರ ಬಂತು. ಬೇರೆ ಪ್ರಾಣಿಗಳಲ್ಲಿ ತಲೆಯ ಭಾಗದಲ್ಲಿ ಕೆಲಸ ಮಾಡುವ ವಂಶವಾಹಿಗಳು ನಕ್ಷತ್ರಮೀನಿನ ಮೈಚರ್ಮದ ತುಂಬ ಕೆಲಸ ಮಾಡುತ್ತವೆ, ಮುಂಡಕ್ಕೆ ಸೇರಿದವು ಅಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನೀನು ತಲೆಯಿಲ್ಲ ಎಂದುಕೊಂಡ ಪ್ರಾಣಿಯಲ್ಲಿ ಇರುವುದು ಬಹುತೇಕ ತಲೆಯೇ.

ಬೆಳೆದ ಕಂಟಕಚರ್ಮಿಯ ಲಕ್ಷಣಗಳಲ್ಲಿ ನೀನು ಗಟ್ಟಿಯಾಗಿ ಹಿಡಿಯಬೇಕಾದದ್ದು ಜಲನಾಳ ವ್ಯೂಹ, ಏಕೆಂದರೆ ಅದು ಬೇರೆ ಯಾವ ವಂಶದಲ್ಲೂ ಇಲ್ಲ. ನಕ್ಷತ್ರಮೀನಿನ ಬೆನ್ನಮೇಲೆ ನಡುಮಧ್ಯಕ್ಕಿಂತ ತುಸು ಪಕ್ಕಕ್ಕೆ ಒಂದು ಜರಡಿಫಲಕ ಇರುತ್ತದೆ. ಜಾಡಿಯನ್ನು ತಿರುಗಿಸಿ ಹುಡುಕು, ಸಿಗುತ್ತದೆ. ಅಲ್ಲಿಂದ ಒಳಗಿನ ನಾಳಗಳಿಗೆ ಸಂಪರ್ಕ, ನಾಳಗಳಿಂದ ತೋಳುಗಳ ಕೆಳಗಿನ ನಳಿಕಾಪಾದಗಳಿಗೆ ದ್ರವದ ಒತ್ತಡ. ನಡೆಯುವುದು, ಹಿಡಿಯುವುದು, ಉಸಿರಾಟದ ಒಂದು ಪಾಲು ಎಲ್ಲವೂ ಅದರಿಂದಲೇ. ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಕರೆದೊಯ್ದಾಗ ಬೈತಕೋಲ ಬಂದರಿನಲ್ಲಿ ಮೀನುಗಾರರು ಬಲೆ ಕೊಡವಿ ಬಿಸುಟ ನಕ್ಷತ್ರಮೀನುಗಳನ್ನು ಹೆಕ್ಕಿ ತೋರಿಸುತ್ತಿದ್ದೆ. ಅವು ಹೆಚ್ಚಾಗಿ ಆಸ್ಟ್ರೋಪೆಕ್ಟೆನ್ ಎಂಬ ಕುಲದವು. ಆ ಕುಲದ ನಳಿಕಾಪಾದಗಳಿಗೆ ಹೀರುಬಟ್ಟಲು ಇರುವುದಿಲ್ಲ, ತುದಿ ಚೂಪು. ಮರಳಿನಲ್ಲಿ ಹೂತುಕೊಳ್ಳುವ ಪ್ರಾಣಿಗೆ ಬಂಡೆ ಕಚ್ಚುವ ಪಾದ ಏಕೆ? ಎಲ್ಲ ನಕ್ಷತ್ರಮೀನಿಗೂ ಹೀರುಬಟ್ಟಲು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡ. ಇವುಗಳಿಗೆ ಪ್ರತ್ಯೇಕ ವಿಸರ್ಜನಾಂಗವೂ ಇಲ್ಲ. ಒಳಗಿನ ದ್ರವದ ಉಪ್ಪು ಹೆಚ್ಚುಕಡಿಮೆ ಕಡಲಿನ ಉಪ್ಪಿನಷ್ಟೇ. ಕೃಷ್ಣೆಯ ಸಿಹಿನೀರಿನಲ್ಲಿ ಒಂದೂ ಕಂಟಕಚರ್ಮಿ ಇಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ.

ಅಸಿಡಿಯಾದ ಕಥೆಯೂ ಲಾರ್ವಾದ ಕಥೆಯೇ. 1866ರವರೆಗೆ ಅದನ್ನು ಮೃದ್ವಂಗಿಗಳ ಜೊತೆ ಸೇರಿಸುತ್ತಿದ್ದರು. ಆ ವರ್ಷ ರಷ್ಯಾದ ಅಲೆಕ್ಸಾಂಡರ್ ಕೊವಲೆವ್ಸ್ಕಿ ಅದರ ಭ್ರೂಣದ ಬೆಳವಣಿಗೆಯನ್ನು ಹಂತಹಂತವಾಗಿ ನೋಡಿ ಬರೆದರು. ಲಾರ್ವಾಕ್ಕೆ ಗೊದಮೊಟ್ಟೆಯಂತೆ ಬಾಲವಿದೆ, ಬಾಲದಲ್ಲಿ ನೋಟೋಕಾರ್ಡ್ ಇದೆ, ಅದರ ಮೇಲೆ ಪೊಳ್ಳು ನರಹುರಿ ಇದೆ. ಸಿಯೋನಾ ಎಂಬ ಅಸಿಡಿಯಾದ ಲಾರ್ವಾದಲ್ಲಿ ನೋಟೋಕಾರ್ಡಿಗೆ ಇರುವುದು ಬರೋಬ್ಬರಿ 40 ಜೀವಕೋಶಗಳು. ಅದು ಸ್ವಲ್ಪ ಕಾಲ ಈಜಿ, ತಲೆಯ ಕಡೆಯಿಂದ ಬಂಡೆಗೋ ಹಡಗಿನ ತಳಕ್ಕೋ ಅಂಟಿಕೊಂಡು, ಬಾಲವನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ನೀನು ಜಾಡಿಯಲ್ಲಿ ಕಂಡ ಚೀಲ ಆಮೇಲಿನದು. 2006ರಲ್ಲಿ ವಂಶವಾಹಿಗಳ ಹೋಲಿಕೆ ಇನ್ನೊಂದು ಅಚ್ಚರಿ ಹೇಳಿತು. ಮೀನಿನಂತೆ ಕಾಣುವ ಆಂಫಿಯಾಕ್ಸಸ್‌ಗಿಂತ ಈ ಚೀಲದ ಗುಂಪೇ ಕಶೇರುಕಗಳಿಗೆ ಹೆಚ್ಚು ಹತ್ತಿರ. ನೋಟಕ್ಕೆ ಮರುಳಾಗಬಾರದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಬಲನೋಗ್ಲಾಸಸ್ಸನ್ನು ಬಹಳ ಕಾಲ ಕಾರ್ಡೇಟ್ ಎಂದೇ ಕಲಿಸುತ್ತಿದ್ದರು, ನಾನೂ ಹಾಗೆ ಓದಿದವನು. 1885ರಲ್ಲಿ ಅದಕ್ಕೆ ಹೆಮಿಕಾರ್ಡೇಟಾ ಎಂಬ ಹೆಸರು ಕೊಟ್ಟವರು ವಿಲಿಯಂ ಬೇಟ್ಸನ್, ಆಗಿನ್ನೂ ತರುಣ. ಮುಂದೆ ಮೆಂಡೆಲ್ ನಿಯಮಗಳನ್ನು ಇಂಗ್ಲೆಂಡಿನಲ್ಲಿ ಎತ್ತಿಹಿಡಿದವರೂ ಅವರೇ. ಹುಳದ ಮೂತಿಯೊಳಗೆ ಚಾಚಿದ ಕಡ್ಡಿಯಂತಹ ಭಾಗವನ್ನು ಅವರು ನೋಟೋಕಾರ್ಡ್ ಎಂದೇ ತಿಳಿದರು. ಆದರೆ ಅದು ಬಾಯಿಕುಹರದ ಗೋಡೆಯಿಂದ ಮುಂದಕ್ಕೆ ಚಾಚಿದ ಒಂದು ಕುರುಡುಚೀಲ. ಈಗ ಸ್ಟೋಮೋಕಾರ್ಡ್ ಎನ್ನುತ್ತೇವೆ. ನೋಟೋಕಾರ್ಡ್ ಹುಟ್ಟುವ ಜಾಗ ಬೇರೆ, ರಚನೆ ಬೇರೆ. ಆದರೆ ಅದರ ಗಂಟಲಿನ ಸೀಳುಗಳು ನಿಜವಾದವು, ನಮ್ಮ ಗುಂಪಿನೊಂದಿಗೆ ಹಂಚಿಕೊಂಡವು. ಲಾರ್ವಾ ನೋಡಿದರೆ ಅದರ ಒಡಹುಟ್ಟು ಯಾರೆಂದು ಗೊತ್ತಾಗುತ್ತದೆ. 1850ರಲ್ಲಿ ಯೋಹಾನ್ಸ್ ಮ್ಯುಲರ್ ಕಡಲಿನಲ್ಲಿ ಟಾರ್ನೇರಿಯಾ ಎಂಬ ಲಾರ್ವಾವನ್ನು ಕಂಡಾಗ ನಕ್ಷತ್ರಮೀನಿನ ಮರಿಯೆಂದೇ ಭಾವಿಸಿದರು. ಸುಮಾರು 20 ವರ್ಷಗಳ ಮೇಲೆ ಇಲ್ಯಾ ಮೆಚ್ನಿಕಾಫ್ ಅದು ಬಲನೋಗ್ಲಾಸಸ್ಸಿನದೆಂದು ತೋರಿಸಿದರು. ಅಷ್ಟು ದೊಡ್ಡ ವಿಜ್ಞಾನಿಯ ಕಣ್ಣಿಗೂ ಎರಡೂ ಒಂದೇ ಎನಿಸಿದ್ದವೆಂದರೆ ನೀನೇ ಯೋಚಿಸು. ಇಂದು ಹೆಮಿಕಾರ್ಡೇಟಾ ಮತ್ತು ಕಂಟಕಚರ್ಮಿಗಳನ್ನು ಒಂದು ಕೊಂಬೆಯಲ್ಲೂ ಕಾರ್ಡೇಟಾವನ್ನು ಪಕ್ಕದ ಕೊಂಬೆಯಲ್ಲೂ ಇಡುತ್ತಾರೆ. ಬಲನೋಗ್ಲಾಸಸ್ ನಮ್ಮ ಕಡೆಯದಲ್ಲ, ನಕ್ಷತ್ರಮೀನಿನ ಕಡೆಯದು.

ವಿಜಯಪುರದ ತಮ್ಮ ಬರೆದದ್ದರಲ್ಲಿ ಒಂದು ತಿದ್ದುಪಡಿ ಅಗತ್ಯ. ನೋಟೋಕಾರ್ಡ್ ಬೆನ್ನುಮೂಳೆಯಾಗಿ ಬದಲಾಗುವುದಿಲ್ಲ. ಒತ್ತಾಗಿ ತುಂಬಿಕೊಂಡ ಉಬ್ಬಿದ ಕೋಶಗಳ ಸುತ್ತ ಗಟ್ಟಿ ಹೊದಿಕೆ, ಇಷ್ಟೇ ನೋಟೋಕಾರ್ಡ್. ಕಬ್ಬಿನ ಹೊಲದ ಹನಿ ನೀರಾವರಿಯ ಪೈಪನ್ನು ನೋಡಿದ್ದೀಯಲ್ಲ, ನೀರಿಲ್ಲದಾಗ ಮೆತ್ತಗೆ, ನೀರು ತುಂಬಿದಾಗ ಸೆಟೆದು ನಿಲ್ಲುತ್ತದೆ. ನೋಟೋಕಾರ್ಡಿನ ಬಿಗಿತವೂ ಒಳಗಿನ ಒತ್ತಡದಿಂದ ಬಂದದ್ದೇ. ಅದು ಬಾಗುತ್ತದೆ, ಗಿಡ್ಡವಾಗುವುದಿಲ್ಲ. ಆದ್ದರಿಂದ ಒಂದು ಬದಿಯ ಸ್ನಾಯು ಬಿಗಿದರೆ ದೇಹ ಕುಗ್ಗದೆ ಬಳುಕುತ್ತದೆ, ಈಜು ಸಾಧ್ಯವಾಗುತ್ತದೆ. ಬೆನ್ನುಮೂಳೆಯ ಮಣಿಗಳು ಅದರ ಸುತ್ತ ಬೇರೆ ಕೋಶಗಳಿಂದ ಕಟ್ಟಿಕೊಂಡು ಅದರ ಜಾಗ ತೆಗೆದುಕೊಳ್ಳುತ್ತವೆ. ಉತ್ತರದಲ್ಲಿ "ಬೆನ್ನುಮೂಳೆ ಅದರ ಸ್ಥಾನಕ್ಕೆ ಬರುತ್ತದೆ" ಎಂದೇ ಬರೆಯಬೇಕು.

ಟಿಳಕವಾಡಿ_ಶುಶ್ರೂಷಕಿ

ಸರ್, ಎಷ್ಟೋ ವರ್ಷಗಳ ಮೇಲೆ ತರಗತಿಯಲ್ಲಿ ಕುಳಿತಂತಾಯಿತು. ನಾನು ಬೆಳಗಾವಿಯಲ್ಲಿ ಶುಶ್ರೂಷಕಿ, ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಕೆಲಸ. ನೋಟೋಕಾರ್ಡ್ ಮನುಷ್ಯರಲ್ಲಿ ಎಲ್ಲಿ ಹೋಗುತ್ತದೆ ಎಂದು ತಂಗಿಗೆ ಹೇಳಬೇಕೆನಿಸಿತು.

ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಒಂದು ಡಿಸ್ಕ್ ಇರುತ್ತದೆ. ಅದರ ನಡುವಿನ ಮೆತ್ತನೆಯ ತಿರುಳು ನೋಟೋಕಾರ್ಡಿನಿಂದ ಬಂದದ್ದು. ಭಾರ ಎತ್ತಿ ಡಿಸ್ಕ್ ಜಾರಿತು ಎಂದು ಬರುವವರಲ್ಲಿ ಹೊರಗೆ ಉಬ್ಬಿ ನರವನ್ನು ಒತ್ತುವುದು ಹೆಚ್ಚಾಗಿ ಇದೇ ತಿರುಳು. ಬಹಳ ಅಪರೂಪವಾಗಿ ಉಳಿದ ನೋಟೋಕಾರ್ಡ್ ಕೋಶಗಳಿಂದ ಕಾರ್ಡೋಮಾ ಎಂಬ ಗೆಡ್ಡೆಯೂ ಬೆಳೆಯುತ್ತದೆ. ಅದು ಸಾಮಾನ್ಯವಾಗಿ ಬರುವ ಜಾಗ ತಲೆಬುರುಡೆಯ ತಳ ಅಥವಾ ಬೆನ್ನುಮೂಳೆಯ ಕೆಳತುದಿ, ಅಂದರೆ ನೋಟೋಕಾರ್ಡ್ ಇದ್ದ ರೇಖೆಯ ಎರಡು ಕೊನೆಗಳು.

ಪೊಳ್ಳು ನರಹುರಿಯ ಬಗ್ಗೆಯೂ ಒಂದು ಮಾತು. ಗರ್ಭದಲ್ಲಿ ಬೆನ್ನಿನ ಮೇಲಿನ ಪದರ ಎರಡೂ ಕಡೆಯಿಂದ ಮಡಚಿ ಕೊಳವೆಯಾಗಿ ಮುಚ್ಚಿಕೊಳ್ಳುವುದರಿಂದಲೇ ಅದು ಪೊಳ್ಳು. ಗರ್ಭಧಾರಣೆಯಾದ ಸುಮಾರು 28 ದಿನಗಳಲ್ಲಿ ಈ ಕೆಲಸ ಮುಗಿಯುತ್ತದೆ. ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನಿನ ಸೀಳಿನೊಂದಿಗೆ ಹುಟ್ಟುತ್ತದೆ. ಬಸುರಿಯೆಂದು ಗೊತ್ತಾಗುವ ಹೊತ್ತಿಗೆ ಆ ದಿನಗಳು ಕಳೆದೇ ಹೋಗಿರುತ್ತವೆ, ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮೊದಲಿನಿಂದಲೇ, ದಿನಕ್ಕೆ 400 ಮೈಕ್ರೋಗ್ರಾಂನಂತೆ, ತೆಗೆದುಕೊಳ್ಳಬೇಕೆಂದು ಹೇಳುತ್ತಾರೆ. ತಂಗಿ, ಇದನ್ನು ನಿನ್ನ ಮನೆಯ ಅಕ್ಕ, ಅತ್ತಿಗೆಯರಿಗೂ ಹೇಳು.

ಲೋಕಾಪುರ_ವಿದ್ಯಾರ್ಥಿನಿ

ಸರ್, ಅಕ್ಕಾವರೇ, ನಿಮ್ಮಿಬ್ಬರಿಗೂ ತುಂಬ ಧನ್ಯವಾದಗಳು. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮನೆಯಲ್ಲಿ ಅತ್ತಿಗೆಗೂ ಓದಿ ಹೇಳಿದೆ. ಇನ್ನೆರಡು ಸಂಶಯಗಳಿವೆ.

ಜಿರಳೆಯಲ್ಲಿ ನರಹುರಿ ಹೊಟ್ಟೆಯ ಕಡೆ, ಹೃದಯ ಬೆನ್ನಿನ ಕಡೆ. ನಮ್ಮಲ್ಲಿ ಸರಿಯಾಗಿ ತಿರುಗುಮುರುಗು. ಇದಕ್ಕೂ ಕಾರಣವಿದೆಯೇ? ಇನ್ನೊಂದು, ನಮ್ಮೂರಿನ ಸುಣ್ಣದಕಲ್ಲಿನ ಬಂಡೆಗಳಲ್ಲಿ ಉಂಗುರ ಉಂಗುರವಾದ ಗುರುತುಗಳಿವೆ. ಇಲ್ಲಿ ಹಿಂದೆ ಸಮುದ್ರವಿತ್ತೆಂದು ತಾತ ಹೇಳುತ್ತಾರೆ. ಅವು ನಕ್ಷತ್ರಮೀನು ಅಥವಾ ಸೀ ಅರ್ಚಿನ್‌ಗಳ ಪಳೆಯುಳಿಕೆಗಳಿರಬಹುದೇ?

ಕಲಾದಗಿ_ಕಲ್ಲು

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಭೂವಿಜ್ಞಾನ ಓದಿದವನು, ಆ ಬಂಡೆಗಳ ಮೇಲೆ ಸಾಕಷ್ಟು ಓಡಾಡಿದ್ದೇನೆ. ನಿಮ್ಮ ತಾತ ಹೇಳಿದ್ದು ನಿಜ, ಅದು ಕಡಲಿನ ತಳದಲ್ಲಿ ಕುಳಿತ ಸುಣ್ಣ. ಆದರೆ ಲೋಕಾಪುರದ ಕಡೆಯ ಕಲಾದಗಿ ಶಿಲೆಗಳು ನೂರು ಕೋಟಿ ವರ್ಷಗಳಿಗಿಂತ ಹಳೆಯವು, ಆಗ ಪ್ರಾಣಿಗಳೇ ಇರಲಿಲ್ಲ. ನೀವು ನೋಡಿದ್ದು ಬಹುಶಃ ಸ್ಟ್ರೊಮಾಟೋಲೈಟ್. ಸೂಕ್ಷ್ಮಜೀವಿಗಳ ತೆಳುಪದರಗಳು ಕೆಸರನ್ನು ಹಿಡಿದು ಒಂದರ ಮೇಲೊಂದು ಬೆಳೆದ ಗುಮ್ಮಟಗಳು, ಅಡ್ಡ ಕತ್ತರಿಸಿದಾಗ ಉಂಗುರವಾಗಿ ಕಾಣುತ್ತವೆ. ಕಂಟಕಚರ್ಮಿಗಳ ಖಚಿತ ಪಳೆಯುಳಿಕೆ ಕ್ಯಾಂಬ್ರಿಯನ್ ಕಾಲದಿಂದ, ಅಂದರೆ ಸುಮಾರು 52 ಕೋಟಿ ವರ್ಷಗಳಿಂದ ಈಚೆಗೆ ಸಿಗುತ್ತದೆ. ಸೀ ಅರ್ಚಿನ್ ಪಳೆಯುಳಿಕೆ ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರು, ಗುಜರಾತಿನ ಕಚ್ಛ್ ಅಥವಾ ಮಧ್ಯಪ್ರದೇಶದ ಬಾಗ್ ಕಡೆಗೆ ಹೋಗಬೇಕು. ಆ ಉಂಗುರಗಳ ಒಂದು ಫೋಟೋ ಹಾಕಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ ಇಡಿ. ಬಂಡೆಯನ್ನು ದಯವಿಟ್ಟು ಒಡೆಯಬೇಡಿ.

ನವನಗರ_ಪ್ರಾಣಿಶಾಸ್ತ್ರ

ಬೆಳಗಾವಿಯ ತಂಗಿ ಬರೆದದ್ದು ಪಠ್ಯಪುಸ್ತಕದಲ್ಲೇ ಇರಬೇಕಿತ್ತು. ನೋಟೋಕಾರ್ಡ್, ನರಹುರಿ ಎರಡೂ ಬೇರೆಬೇರೆ ಲಕ್ಷಣಗಳೆಂದು ನಾವು ಬರೆಸುತ್ತೇವೆ, ಆದರೆ ಒಂದಕ್ಕೊಂದು ಕಟ್ಟಿಕೊಂಡಿವೆ. 1924ರಲ್ಲಿ ಹಾನ್ಸ್ ಶ್ಪೇಮನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ ನ್ಯೂಟ್ ಎಂಬ ಉಭಯವಾಸಿಯ ಭ್ರೂಣದಿಂದ ನೋಟೋಕಾರ್ಡ್ ಆಗಲಿದ್ದ ಒಂದು ತುಣುಕನ್ನು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ನೆಟ್ಟರು. ಅಲ್ಲಿ ಎರಡನೆಯ ನರಹುರಿ ಎದ್ದಿತು, ಅದೂ ಬಹುಮಟ್ಟಿಗೆ ತುಣುಕನ್ನು ನೆಡಿಸಿಕೊಂಡ ಭ್ರೂಣದ ಸ್ವಂತ ಕೋಶಗಳಿಂದಲೇ. ಸುತ್ತಲಿನ ಕೋಶಗಳಿಗೆ ನೀವು ನರವಾಗಿರಿ ಎಂಬ ಆದೇಶ ಆ ತುಣುಕಿನಿಂದ ಹೋಗುತ್ತದೆ.

ಜಿರಳೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಬೆಳೆಯುತ್ತದೆ. ನಮ್ಮ ಕಾಲದಲ್ಲಿ ಜಿರಳೆಯನ್ನು ಮೇಣದ ತಟ್ಟೆಗೆ ಪಿನ್ ಹಾಕಿ ಬಿಡಿಸುತ್ತಿದ್ದೆವು. ಬೆನ್ನ ಕಡೆ 13 ಕೋಣೆಗಳ ಹೃದಯ, ಹೊಟ್ಟೆಯ ಕಡೆ ಗಂಟುಗಂಟಾದ ಜೋಡಿ ನರಹುರಿ. 1822ರಲ್ಲೇ ಫ್ರಾನ್ಸಿನ ಜೊಫ್ರುವಾ ಸಂತಿಲೇರ್ ಇಂಥದೇ ಕ್ರಮವಿರುವ ಲಾಬ್‌ಸ್ಟರ್ ಸಿಗಡಿಯನ್ನು ಅಂಗಾತ ಮಲಗಿಸಿ, ಈಗ ಇದರ ಒಳಗಿನ ಅಂಗಗಳ ಕ್ರಮ ಕಶೇರುಕದಂತೆಯೇ ಇದೆ ಎಂದು ವಾದಿಸಿದರು. ಆಗ ಬಹಳ ಜನ ಒಪ್ಪಲಿಲ್ಲ. 1990ರ ದಶಕದಲ್ಲಿ ನೊಣದ ಮತ್ತು ಕಪ್ಪೆಯ ಭ್ರೂಣಗಳಲ್ಲಿ ನರದ ಬದಿಯನ್ನು ಗುರುತು ಮಾಡುವ ವಂಶವಾಹಿಗಳು ಸಿಕ್ಕವು, ಎರಡರಲ್ಲೂ ಒಂದೇ ಬಗೆಯವು. ನೊಣದಲ್ಲಿ ಹೊಟ್ಟೆಯ ಕಡೆ, ಕಪ್ಪೆಯಲ್ಲಿ ಬೆನ್ನಿನ ಕಡೆ ಕೆಲಸ ಮಾಡುತ್ತವೆ. ನೊಣದ ಸಂದೇಶವನ್ನು ಕಪ್ಪೆಯ ಭ್ರೂಣಕ್ಕೆ ಕೊಟ್ಟರೂ ಕೆಲಸ ನಡೆಯುತ್ತದೆ. ಬಲನೋಗ್ಲಾಸಸ್ಸಿನ ಹತ್ತಿರದ ಬಂಧು ಸ್ಯಾಕೋಗ್ಲಾಸಸ್ಸಿನಲ್ಲಿ ಆ ಗುರುತುಗಳ ಜೋಡಣೆ ನೊಣದಂತೆಯೇ ಇದೆ. ಆದ್ದರಿಂದ ಮಗುಚಿಕೊಂಡದ್ದು ಜಿರಳೆಯಲ್ಲ, ನಮ್ಮ ಕಾರ್ಡೇಟಾ ಶಾಖೆ. ಹೀಗಾಗಿ ನಿನ್ನ ಕೋಷ್ಟಕದ ಆ ಎರಡು ಸಾಲುಗಳು, ನರ ಮೇಲೆ ಹೃದಯ ಕೆಳಗೆ ಎಂಬವು, ನಿಜಕ್ಕೂ ಒಂದೇ ಘಟನೆಯ ಎರಡು ಮುಖಗಳು.

ಈಗ ಪರೀಕ್ಷೆಗೆ ಬರೆಯುವ ಸಾಲುಗಳನ್ನು ನೀನೇ ಬರೆದು ಇಲ್ಲಿ ಹಾಕು, ನೋಡುತ್ತೇನೆ.

ಲೋಕಾಪುರ_ವಿದ್ಯಾರ್ಥಿನಿ

ಬರೆದಿದ್ದೇನೆ ಸರ್.

ನಕ್ಷತ್ರಮೀನು: ವಂಶ ಎಕೈನೋಡರ್ಮೇಟಾ. ದೇಹಕ್ಕೆ ತ್ರಿಜ್ಯ ಸಮಮಿತಿ. ಜಲನಾಳ ವ್ಯೂಹ ಮತ್ತು ಸುಣ್ಣದ ಒಳ ಅಸ್ಥಿಫಲಕಗಳಿವೆ.
ಬಲನೋಗ್ಲಾಸಸ್: ವಂಶ ಹೆಮಿಕಾರ್ಡೇಟಾ. ದೇಹದಲ್ಲಿ ಮೂತಿ, ಕೊರಳಪಟ್ಟಿ, ಮುಂಡ ಎಂಬ ಮೂರು ಭಾಗ. ಕಿವಿರು ಸೀಳುಗಳಿವೆ, ಸ್ಟೋಮೋಕಾರ್ಡ್ ಇದೆ, ನೋಟೋಕಾರ್ಡ್ ಇಲ್ಲ.
ಅಸಿಡಿಯಾ: ವಂಶ ಕಾರ್ಡೇಟಾ, ಉಪವಂಶ ಯುರೋಕಾರ್ಡೇಟಾ. ಬಾಲದಲ್ಲಿ ನೋಟೋಕಾರ್ಡ್ ಇದೆ.
ಆಂಫಿಯಾಕ್ಸಸ್: ವಂಶ ಕಾರ್ಡೇಟಾ, ಉಪವಂಶ ಸೆಫಲೋಕಾರ್ಡೇಟಾ. ನೋಟೋಕಾರ್ಡ್ ಜೀವನಪೂರ್ತಿ ಉಳಿಯುತ್ತದೆ.

ನವನಗರ_ಪ್ರಾಣಿಶಾಸ್ತ್ರ

ಬಲನೋಗ್ಲಾಸಸ್ಸಿನ ಸಾಲುಗಳಲ್ಲಿ ಒಂದಕ್ಷರವನ್ನೂ ತಿದ್ದಬೇಕಿಲ್ಲ. ನಕ್ಷತ್ರಮೀನಿಗೆ "ಪ್ರೌಢ ಪ್ರಾಣಿಯಲ್ಲಿ ತ್ರಿಜ್ಯ ಸಮಮಿತಿ, ಲಾರ್ವಾದಲ್ಲಿ ದ್ವಿಪಾರ್ಶ್ವ ಸಮಮಿತಿ" ಎಂದು ಸೇರಿಸು. ಅಸಿಡಿಯಾಕ್ಕೆ "ಲಾರ್ವಾದ ಬಾಲದಲ್ಲಿ ಮಾತ್ರ" ಎಂದು ಬರೆಯಲೇಬೇಕು, ಜಾಡಿಯಲ್ಲಿರುವ ಪ್ರಾಣಿಗೆ ಬಾಲವೇ ಇಲ್ಲವಲ್ಲ. ಆಂಫಿಯಾಕ್ಸಸ್‌ನ ಜಾಡಿಯನ್ನು ಬೆಳಕಿಗೆ ಹಿಡಿದರೆ ಎರಡೂ ಬದಿಯಲ್ಲಿ ಬಾಣದ ತುದಿಯಂತೆ ಮಡಚಿದ ಸ್ನಾಯುಪಟ್ಟಿಗಳ ಸಾಲು ಕಾಣುತ್ತದೆ, ಗುರುತಿಸಲು ಅದೇ ಸುಲಭ. ಚಿತ್ರ ಬರೆಯುವಾಗ ಅದರ ನೋಟೋಕಾರ್ಡನ್ನು ಬಾಲದಿಂದ ಮೂತಿಯ ತುತ್ತತುದಿಯವರೆಗೂ ಎಳೆ. ನರಹುರಿ ಅದಕ್ಕಿಂತ ಸ್ವಲ್ಪ ಹಿಂದೆಯೇ ನಿಲ್ಲಬೇಕು.